ಹಾಯಿಹಡಗಿನ ಟೈಮ್ ಟೇಬಲ್

ಮೂಡಬಿದ್ರೆಯ ಬಸ್ಸು ಯಜಮಾನ ವೃಷಭರಾಜರು ಹೆಂಡತಿಯನ್ನು ಕರೆದುಕೊಂಡು ಗ್ರೀಸ್ ದೇಶಕ್ಕೆ ಹೋಗಿ, ಅಲ್ಲಿ ಒಂದು ಹಾಯಿಹಡಗನ್ನು ಬಾಡಿಗೆಗೆ ಹಿಡಿದು, ಹದಿನಾಲ್ಕು ದಿನ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಾರೆ ಎಂಬ ಸುದ್ದಿ ಕೇಳಿ ಪೇಟೆಗೆ ಪೇಟೆಯೇ ದಂಗಾಯಿತು. ದಂಗಾಗದೆ ಎಂತ ಮಾಡುತ್ತದೆ ಮಾರಾಯ್ರೆ? ಅರುವತ್ತಮೂರನೇ ಇಸವಿ ಅದು. ಕಾರು ಬಾಡಿಗೆಗೆ ಹಿಡಿದು ಧರ್ಮಸ್ಥಳಕ್ಕೆ ಹೋಗುವವರನ್ನು ಕಂಡು ಗೊತ್ತಿತ್ತು, ಮದುವೆ ದಿಬ್ಬಣಕ್ಕೆ ಬಸ್ಸು ಹಿಡಿಯುವವರನ್ನೂ ಕಂಡು ಗೊತ್ತಿತ್ತು. ಹಡಗು ಹಿಡಿಯುವವರನ್ನು ಯಾರು ಕಂಡಿದ್ದಾರೆ?

"ಅಲ್ಲಿ ಬಸದಿ ಉಂಟಾ?" ಎಂದು ಪೇಟೆಯವರು ಕೇಳಿದರು.

"ಇಲ್ಲ."

"ನೆಂಟರು?"

"ಇಲ್ಲ."

"ಏನಾದರೂ ವ್ಯಾಪಾರವಾ?"

"ಅದೂ ಇಲ್ಲ."

"ಮತ್ತೆ ಅಷ್ಟು ದೂರ ಎಂತ ಸಾಯಲಿಕ್ಕಾ?"

ವೃಷಭರಾಜರು ನಗುತ್ತಿದ್ದರು. ಅವರು ನಗುವುದೇ ಅಪರೂಪ. ಐವತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಗೊತ್ತಿದ್ದದ್ದು ಎರಡೇ, ಒಂದು ಟೈಮು, ಇನ್ನೊಂದು ಸಿಟ್ಟು. ಎರಡು ಬಸ್ಸು ಇಟ್ಟಿದ್ದರು. ಒಂದು ವೇಣೂರು, ಬೆಳ್ತಂಗಡಿ ದಾಟಿ ಮುಂಡಾಜೆಗೆ ಹೋಗುತ್ತಿತ್ತು, ಇನ್ನೊಂದು ಸಿದ್ಧಕಟ್ಟೆಯ ಮೇಲೆ ಬಂಟ್ವಾಳ, ಪಾಣೆಮಂಗಳೂರಿಗೆ. ಬಸ್ಸು ಐದು ನಿಮಿಷ ತಡವಾದರೆ ಡ್ರೈವರ್ ಮುಂಡಪ್ಪನ ಗ್ರಹಚಾರ ಬಿಡಿಸುತ್ತಿದ್ದರು.

ಇಂಥವರ ತಲೆಗೆ ಆ ಹುಳ ಬಿಟ್ಟದ್ದು ಸ್ಟಾವ್ರೋಸ್ ಎಂಬ ಗ್ರೀಸಿನ ಕಪ್ತಾನ. ಅವನ ಸರಕು ಹಡಗು ಮಂಗಳೂರಿನ ಹೊರಗೆ ಲಂಗರು ಹಾಕಿತ್ತಂತೆ, ಹೊತ್ತು ಹೋಗದೆ ಒಂದು ಜೀಪು ಹಿಡಿದು ಸಾವಿರ ಕಂಬದ ಬಸದಿ ನೋಡಲು ಬಂದಿದ್ದ. ಪೇಟೆಯಲ್ಲಿ ಚೆನ್ನಾಗಿ ಇಂಗ್ಲಿಷು ಬರುವವರು ಎಂದು ವೃಷಭರಾಜರನ್ನು ಕರೆಸಿದರು. ಕಂಬ ಕಂಬ ತೋರಿಸಿ, ಮನೆಗೆ ಕರೆದುಕೊಂಡು ಬಂದು ಬೊಂಡದ ಎಳನೀರು ಕುಡಿಸಿದಾಗ ಅವನು ಹೇಳಿದ: ಬರುವ ವರ್ಷ ದೊಡ್ಡ ಹಡಗು ಬಿಡುತ್ತೇನೆ, ನನ್ನಣ್ಣನ ಹತ್ತಿರ ಎರಡು ಕಂಬದ ಹಾಯಿಹಡಗು ಉಂಟು, ಬೇಸಗೆಯಲ್ಲಿ ಒಂದು ಕುಟುಂಬಕ್ಕೆ ಇಡೀ ಹಡಗನ್ನೇ ಬಾಡಿಗೆಗೆ ಕೊಡುತ್ತೇವೆ, ಅಡುಗೆಯವನೂ ನಾವಿಕರೂ ನಮ್ಮವರೇ, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

"ಎಲ್ಲಿ ಬೇಕಾದರೂ?" ವೃಷಭರಾಜರು ಹೌಹಾರಿದರು. "ಸ್ಟಾಪು ಇಲ್ಲದ ಕಡೆಯೂ?"

ಆಗ ಅವರಿಗೆ ಮೂವತ್ತು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಹೊಸತಾಗಿ ಮದುವೆಯಾಗಿ ಪಣಂಬೂರಿನ ಕಡಲ ಕರೆಗೆ ಹೋಗಿದ್ದರು. ಹೆಂಡತಿ ರಾಜಮತಿ ನೀರಿನ ಅಂಚಿನಲ್ಲಿ ನಿಂತು, "ಆಚೆ ಎಂತ ಉಂಟು?" ಎಂದು ಕೇಳಿದ್ದಳು. "ಎಂತ ಇರ್ತದೆ? ನೀರು. ನಡಿ, ಬಸ್ಸು ತಪ್ಪುತ್ತದೆ," ಎಂದಿದ್ದರು ಇವರು. ಆಮೇಲೆ ಅವಳು ಅಂಥದ್ದು ಯಾವುದನ್ನೂ ಕೇಳಿರಲಿಲ್ಲ. ಆ ಮಾತು ಇಷ್ಟು ವರ್ಷ ತನ್ನೊಳಗೆ ಮುಳ್ಳಿನಂತೆ ಕೂತಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಮಗಳು ಮದುವೆಯಾಗಿ ಕಾರ್ಕಳ ಸೇರಿದ್ದಳು, ಬಸ್ಸಿಗೆ ಜನ ಇದ್ದರು, ಕಾಗದಪತ್ರಕ್ಕೆ ಮುಂಬಯಿಯಲ್ಲಿ ತಮ್ಮ ಇದ್ದ. ಆಚೆ ಎಂತ ಉಂಟು ಎಂದು ಈಗಲಾದರೂ ತೋರಿಸಿಯೇ ಬಿಡುವ ಎಂದು ನಿಶ್ಚಯ ಮಾಡಿದರು.

ಎರಡು ತಿಂಗಳಲ್ಲಿ ಕಪ್ತಾನನಿಂದ ದೊಡ್ಡ ನಕ್ಷೆಯೊಂದು ಬಂತು, ಜೊತೆಗೆ ದ್ವೀಪಗಳ ವರ್ಣನೆಯ ಪುಸ್ತಕ. ನಕ್ಷೆ ಜಗಲಿಯ ಗೋಡೆಗೆ ಏರಿತು. ಜೈನರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ, ಅಲ್ಲಿಂದ ಮಲಗುವವರೆಗೆ ಉದ್ದದ ಸಂಜೆ. ಆ ಸಂಜೆಗಳನ್ನು ವೃಷಭರಾಜರು ಇಷ್ಟು ಕಾಲ ಬಸ್‌ಸ್ಟ್ಯಾಂಡಿನ ಆಫೀಸಿನಲ್ಲಿ ಬೊಬ್ಬೆ ಹಾಕುವುದರಲ್ಲಿ ಕಳೆದಿದ್ದರು. ಈಗ ಊಟವಾದ ಕೂಡಲೇ ಜಗಲಿಗೆ ಬಂದು, ಅಡಿಕೋಲು ಪೆನ್ಸಿಲು ಹಿಡಿದು, "ರಾಜಮತೀ, ಬಾ, ಹೊರಡುವ," ಎಂದು ಕರೆಯುತ್ತಿದ್ದರು. ಅವಳು ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು.

ಬಸ್ಸಿನವರ ಬುದ್ಧಿ ಎಲ್ಲಿ ಹೋಗುತ್ತದೆ? ಅವರು ಟೈಮ್ ಟೇಬಲ್ ಬರೆಯತೊಡಗಿದರು. ಗೆರೆ ಎಳೆದ ಮೊದಲ ಮನೆಯಲ್ಲಿ ದ್ವೀಪದ ಹೆಸರು, ಎರಡನೆಯದರಲ್ಲಿ ತಲುಪುವ ಹೊತ್ತು, ಮೂರನೆಯದರಲ್ಲಿ ಹೊರಡುವ ಹೊತ್ತು. ಪೋರೋಸ್, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಹೈಡ್ರಾ, ಮಧ್ಯಾಹ್ನ ಒಂದು ಹತ್ತು. ಗಾಳಿಯಲ್ಲಿ ಹೋಗುವ ಹಡಗಿಗೆ ಇಪ್ಪತ್ತು ಹತ್ತು ಎಂದೆಲ್ಲ ಬರೆಯಲಿಕ್ಕೆ ಆಗುವುದಿಲ್ಲ ಎಂದು ಕಪ್ತಾನ ಕಾಗದದಲ್ಲಿ ನಕ್ಕಿದ್ದ. "ಶಿಸ್ತು ಇಲ್ಲದ ಜನ," ಎಂದು ಇವರು ಗೊಣಗಿದರು.

ರಾಜಮತಿಯ ಪ್ರಶ್ನೆಗಳಿಗೆ ಮಾತ್ರ ಲೆಕ್ಕವೇ ಇರಲಿಲ್ಲ.

"ಆ ದ್ವೀಪದಲ್ಲಿ ಬಾವಿ ಉಂಟಾ? ನೀರು ಸೋಸಲಿಕ್ಕೆ ಎಷ್ಟು ಬಟ್ಟೆ ಬೇಕಾದೀತು?"

"ಹನ್ನೆರಡು ಹಾಕು."

"ಅಲ್ಲಿ ಸೂರ್ಯ ಮುಳುಗುವುದು ಎಷ್ಟಕ್ಕೆ?"

"ಜೂನಿನಲ್ಲಿ ಹೆಚ್ಚುಕಡಿಮೆ ಎಂಟು ಗಂಟೆಗೆ."

"ಅಯ್ಯೋ, ಎಂಟಾ! ಹಾಗಾದರೆ ಊಟಕ್ಕೆ ಅವಸರವೇ ಇಲ್ಲ," ಎಂದು ಅವಳು ಹುಡುಗಿಯ ಹಾಗೆ ನಕ್ಕಳು. ಹೆಂಡತಿಯ ಒಂದು ಬದಿಯ ಹಲ್ಲು ಸ್ವಲ್ಪ ಸೊಟ್ಟ ಎಂಬುದು ವೃಷಭರಾಜರಿಗೆ ಆ ದಿನವೇ ಗೊತ್ತಾದದ್ದು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ ದ್ವೀಪ ಡೆಲೋಸ್. ಅಲ್ಲಿ ಮನೆ ಮಠ ಇಲ್ಲ, ಹಳೆಯ ದೇವಸ್ಥಾನದ ಕಂಬಗಳು ಮಾತ್ರ ನಿಂತಿವೆ, ದೀಪ ಹಚ್ಚುವವರು ಯಾರೂ ಇಲ್ಲ ಎಂದು ಪುಸ್ತಕದಲ್ಲಿತ್ತು. "ಪಾಪ," ಎಂದಳು. ಆಮೇಲೆ ವೃಷಭರಾಜರು ಮುಂದಿನ ಸಾಲು ಓದಿದರು. ಹಿಂದಿನ ಕಾಲದಲ್ಲಿ ಆ ದ್ವೀಪದಲ್ಲಿ ಯಾರೂ ಸಾಯಬಾರದು ಎಂದು ಕಟ್ಟಳೆ ಇತ್ತಂತೆ. ಕಾಯಿಲೆ ಜೋರಾದವರನ್ನು ದೋಣಿಯಲ್ಲಿ ಹಾಕಿ ಪಕ್ಕದ ದ್ವೀಪಕ್ಕೆ ಸಾಗಿಸುತ್ತಿದ್ದರಂತೆ.

"ಅಲ್ಲಿ ಯಾರೂ ಸಾಯುವ ಹಾಗಿಲ್ಲವಾ?"

"ಇಲ್ಲವಂತೆ."

"ಇನ್ನೊಮ್ಮೆ ಓದಿ."

ಇನ್ನೊಮ್ಮೆ ಓದಿದರು. ಅವಳು ಅವರ ಮುಖವನ್ನೇ ನೋಡುತ್ತಾ ಕೂತಿದ್ದಳು. ಹೆಂಗಸರಿಗೆ ಇಂಥ ಕಟ್ಟುಕತೆ ಹಿಡಿಸುತ್ತದೆ ಎಂದುಕೊಂಡು, ವೃಷಭರಾಜರು ಡೆಲೋಸನ್ನು ಹತ್ತನೇ ದಿನಕ್ಕೆ ಹಾಕಿದರು.

ಎಂಟು ತಿಂಗಳು ಹೀಗೆ ಹೋಯಿತು. ಒಂಬತ್ತು ದಿನಗಳ ಟೈಮು ಬರೆದು ಮುಗಿಯಿತು. ಕಪ್ತಾನನ ಕೊನೆಯ ಕಾಗದವೂ ಬಂತು. ಆ ಹದಿನಾಲ್ಕು ದಿನ ಹಡಗಿನಲ್ಲಿ ಮೀನು, ಮಾಂಸ, ಮೊಟ್ಟೆ ಹತ್ತಿಸುವುದಿಲ್ಲ, ಪಾತ್ರೆ ಎಲ್ಲ ಹೊಸತು, ನಾವಿಕರು ಗೊಣಗಿದರು, ಆದರೂ ಒಪ್ಪಿದರು ಎಂದು ಬರೆದಿದ್ದ. ವೃಷಭರಾಜರು ಕಾಗದವನ್ನು ಪೇಟೆಯಿಡೀ ತೋರಿಸಿಕೊಂಡು ಬಂದರು. ಇನ್ನು ಬಾಕಿ ಇದ್ದದ್ದು ಪಾಸ್‌ಪೋರ್ಟಿನ ಅರ್ಜಿಗೆ ರಾಜಮತಿಯ ಒಂದು ಸಹಿ.

"ಈ ವಾರ ಬೇಡ, ಬರುವ ವಾರ ಹಾಕುತ್ತೇನೆ," ಎಂದಳು. ಬರುವ ವಾರ, "ಅಷ್ಟಮಿ ಹೋಗಲಿ," ಎಂದಳು. ಅಷ್ಟಮಿ ಹೋದ ಮೇಲೆ ಮಾತಾಡಲೇ ಇಲ್ಲ.

ಹೆದರಿಕೊಂಡಿದ್ದಾಳೆ ಎಂದು ವೃಷಭರಾಜರು ತೀರ್ಮಾನಿಸಿದರು. ಪಾಣೆಮಂಗಳೂರಿನಲ್ಲಿ ಅಬ್ದುಲ್ಲ ಬ್ಯಾರಿ ಎಂಬವರಿದ್ದರು, ಮುಂಬಯಿಯ ಹಡಗುಗಳಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವರು, ಆ ಗ್ರೀಸಿನ ಸಮುದ್ರವನ್ನೂ ಕಂಡವರು. ಅವರ ಬಾಯಿಯಿಂದ ಕೇಳಿದರೆ ಇವಳಿಗೆ ಧೈರ್ಯ ಬಂದೀತು. ಒಂದು ಭಾನುವಾರ, "ನಡಿ, ಬಂಟ್ವಾಳಕ್ಕೆ ಹೋಗಿ ಬರುವ," ಎಂದರು. ಬ್ಯಾರಿಗಳ ಸುದ್ದಿ ತೆಗೆಯಲಿಲ್ಲ, ಮೊದಲೇ ಹೇಳಿದರೆ ಮತ್ತೆ ಅಷ್ಟಮಿ ನವಮಿ ಎನ್ನುತ್ತಾಳೆ. ಅವಳು ಖುಷಿಯಲ್ಲೇ ಹೊರಟಳು. ಬಸ್ಸಿನಲ್ಲಿ ಮುಂದಿನ ಸೀಟು ಅವರಿಗೇ, ಯಜಮಾನರನ್ನು ಕಂಡು ಮುಂಡಪ್ಪನ ಬೆನ್ನು ನೆಟ್ಟಗಾಯಿತು.

ಬಂಟ್ವಾಳ ಪೇಟೆ ಬಂತು, ಅರ್ಧ ಜನ ಇಳಿದರು, ಬಸ್ಸು ಮುಂದೆ ಹೊರಟಿತು. "ಇಳಿಯುವುದಿಲ್ಲವಾ?" ಎಂದು ರಾಜಮತಿ ಕೇಳಿದಳು. "ಪಾಣೆಮಂಗಳೂರಿಗೆ. ಸುಮ್ಮನೆ ಕೂತುಕೋ," ಎಂದರು. ಎದುರಿಗೆ ನೇತ್ರಾವತಿಯ ಮೇಲಿನ ಸಂಕ ಕಂಡಿತು. ಆಚೆ ತುದಿಯಲ್ಲೇ ಪಾಣೆಮಂಗಳೂರು.

"ಹೋಲ್ಡಾನ್!"

ಬಸ್ಸು ನಿಲ್ಲಿಸಲು ತಾನು ಕೂಗುವ ಮಾತು ಕೇಳಿ ಕಂಡಕ್ಟರನೇ ಬೆಚ್ಚಿಬಿದ್ದ. ಕೂಗಿದ್ದು ರಾಜಮತಿ. ಮನೆಯಲ್ಲಿ ಬೆಕ್ಕನ್ನೂ ಗಟ್ಟಿಯಾಗಿ ಗದರಿಸದ ಹೆಂಗಸು, ಗಂಡನ ಬಸ್ಸಿನಲ್ಲಿ, ಮೂವತ್ತು ಜನರ ಮುಂದೆ, ಸೀಟಿನಿಂದ ಎದ್ದು ನಿಂತು ಕೂಗಿದ್ದಳು. ಮುಂಡಪ್ಪ ಬ್ರೇಕು ಒತ್ತಿದ ರಭಸಕ್ಕೆ ಹಿಂದಿದ್ದವರ ತಲೆ ಮುಂದಿನ ಸೀಟಿಗೆ ಬಡಿಯಿತು. ಅವಳು ಇಳಿದು ಸಂಕದ ಈ ತುದಿಯಲ್ಲಿ ನಿಂತಳು.

ವೃಷಭರಾಜರು ಇಳಿಯುವಾಗ ಅವರ ಕಿವಿ ಕೆಂಪಾಗಿತ್ತು. ಏಳು ವರ್ಷದ ಹಿಂದೆಯೂ ಹೀಗೆಯೇ ಆಗಿತ್ತು! ಬಂಟ್ವಾಳದಲ್ಲಿ ನಿಲ್ಲುತ್ತಿದ್ದ ಬಸ್ಸನ್ನು ಪಾಣೆಮಂಗಳೂರಿಗೆ ಮುಂದುವರಿಸಿದ ಮೊದಲ ದಿನ, ಹೂವಿನ ಮಾಲೆ ಹಾಕಿದ ಬಸ್ಸಿನಿಂದ, ಇದೇ ಜಾಗದಲ್ಲಿ, ವಾಂತಿ ಬರುತ್ತದೆ ಎಂದು ಇಳಿದುಬಿಟ್ಟಿದ್ದಳು. ಆ ಅವಮಾನ ಅವರು ಮರೆತಿರಲಿಲ್ಲ.

"ನೀವು ಹೋಗಿ," ಎಂದು ಮುಂಡಪ್ಪನಿಗೆ ಕೈ ಬೀಸಿದರು. ಕಂಡಕ್ಟರ್ ಮೆಲ್ಲಗೆ, ಮರಣದ ಮನೆಯಲ್ಲಿ ಮಾತಾಡುವವನ ಹಾಗೆ, "ರೈಟ್ ಪೋಯಿ," ಎಂದ. ಬಸ್ಸು ಸಂಕ ಹತ್ತಿತು.

"ಎಂತ ಇದು ನಿನ್ನ ಅವತಾರ? ಸಂಕ ದಾಟಲಿಕ್ಕೆ ಹೆದರುವವಳು ಸಮುದ್ರ ದಾಟುವುದು ಹೇಗೆ?"

"ನನಗೆ ಹೆದರಿಕೆ ಇಲ್ಲ," ಎಂದಳು ರಾಜಮತಿ. "ನನಗೆ ವ್ರತ ಉಂಟು."

"ಎಂತ ವ್ರತ?"

"ದಿಗ್ವ್ರತ."

ಜೈನರಿಗೆ ಈ ವ್ರತದ ಅರ್ಥ ಹೇಳಿಕೊಡಬೇಕಾಗಿಲ್ಲ. ದಿಕ್ಕು ದಿಕ್ಕಿಗೆ ಒಂದು ಗಡಿ ಹೇಳಿ, ಬದುಕಿರುವವರೆಗೆ ಅದರಾಚೆ ಕಾಲಿಡುವುದಿಲ್ಲ ಎಂದು ದೇವರ ಮುಂದೆ ನಿಶ್ಚಯ ಮಾಡುವುದು. ತಿರುಗಾಟ ಕಡಿಮೆಯಾದರೆ ಆಸೆಯೂ ಹಿಂಸೆಯೂ ಕಡಿಮೆ ಎಂದು. ಮುನಿಗಳ ಹತ್ತಿರ ಕೆಲವು ಮುದುಕರು ತೆಗೆದುಕೊಳ್ಳುವುದುಂಟು. ಆದರೆ ಇವಳು? ಯಾವಾಗ?

"ನಿಮಗೆ ಟೈಫಾಯ್ಡ್ ಆದಾಗ. ಹನ್ನೆರಡು ವರ್ಷ ಆಯಿತು. ಡಾಕ್ಟರರು ಕೈ ಬಿಟ್ಟ ದಿನ ಬಸದಿಗೆ ಓಡಿದೆ. ಇವರೊಬ್ಬರು ಎದ್ದು ಕೂತರೆ ಸಾಕು, ನಾನು ಇಷ್ಟರಾಚೆ ಎಲ್ಲಿಗೂ ಹೋಗುವುದಿಲ್ಲ ಎಂದೆ. ಶಾಂತಿಪ್ರಸಾದ ಇಂದ್ರರು ಪೂಜೆಗೆ ನಿಂತಿದ್ದರು, ಅವರೇ ಸಾಕ್ಷಿ."

"ಎಷ್ಟರಾಚೆ?"

"ಮೂಡಣಕ್ಕೆ ಮುಂಡಾಜೆ. ಬಡಗಣಕ್ಕೆ ಕಾರ್ಕಳ. ತೆಂಕಣಕ್ಕೆ ಈ ನೇತ್ರಾವತಿ. ಪಡುವಣಕ್ಕೆ ಸಮುದ್ರದ ನೀರು."

ವೃಷಭರಾಜರು ಒಂದೊಂದು ಹೆಸರಿಗೂ ಒಂದೊಂದು ಪೆಟ್ಟು ತಿಂದವರ ಹಾಗೆ ನಿಂತರು. ಐವತ್ತಮೂರರಲ್ಲಿ ಶ್ರವಣಬೆಳಗೊಳದ ಮಸ್ತಕಾಭಿಷೇಕಕ್ಕೆ ಮೂಡಬಿದ್ರೆಯ ಜೈನರ ಮನೆಗಳೆಲ್ಲ ಬೀಗ ಹಾಕಿಕೊಂಡು ಹೋಗಿದ್ದವು. ಇವಳೊಬ್ಬಳು ಮೊಣಕಾಲು ನೋವು ಎಂದು ಉಳಿದಿದ್ದಳು. ಅವತ್ತು ಇವರು ಏನೇನು ಬೈದಿದ್ದರು! ಧರ್ಮ ಇಲ್ಲದವಳು ಎಂದಿದ್ದರು. ಹಾಸನದಲ್ಲಿ ಅವಳ ಸ್ವಂತ ತಂಗಿಯ ಮಗಳ ಮದುವೆ, ಅದಕ್ಕೂ ಹೋಗಲಿಲ್ಲ. ಸೋಮಾರಿ ಎಂದಿದ್ದರು.

"ಮುಂಡಾಜೆ, ಬಂಟ್ವಾಳ..." ಅವರಿಗೆ ಇನ್ನೊಂದು ಹೊಳೆಯಿತು. "ಆಗ ನಮ್ಮ ಬಸ್ಸು ನಿಲ್ಲುತ್ತಿದ್ದದ್ದು ಅಲ್ಲಿಯೇ ಅಲ್ಲವಾ?"

"ಹೌದು. ಗಡಿ ಹೇಳಿ ಎಂದಾಗ ನನಗೆ ಬೇರೆ ಊರಿನ ಹೆಸರು ಎಲ್ಲಿ ಗೊತ್ತಿತ್ತು? ಮೂಡಣಕ್ಕೂ ತೆಂಕಣಕ್ಕೂ ನಿಮ್ಮ ಬಸ್ಸು ಹೋಗುವ ಊರು ಹೇಳಿದೆ. ನೀವು ಹೋಗುವಷ್ಟು ದೂರ ನಾನು ಬರಬಹುದಲ್ಲ, ಅಷ್ಟು ಸಾಕು ಎಂದುಕೊಂಡೆ. ನೀವು ಇನ್ನೂ ಮುಂದೆ ಹೋಗ್ತೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು?"

"ಹನ್ನೆರಡು ವರ್ಷ ಬಾಯಿ ಬಿಡಲಿಲ್ಲವಲ್ಲ ಮಾರಾಯ್ತಿ!"

"ಹೇಳಿದರೆ ನಿಮ್ಮ ಜೀವದ ಋಣ ಆಡಿ ತೋರಿಸಿದ ಹಾಗೆ ಆಗ್ತದೆ."

"ಅದು ಬಿಡು. ಈ ಎಂಟು ತಿಂಗಳು? ಅಡುಗೆಯವನ ಪಾತ್ರೆಯವರೆಗೆ ವಿಚಾರಿಸಿದೆಯಲ್ಲ! ನನ್ನನ್ನು ಊರಿಡೀ ಕುಣಿಸಿದೆಯಲ್ಲ! ಮೊದಲ ದಿನವೇ ಒಂದು ಮಾತು ಹೇಳಲಿಕ್ಕೆ ನಿನಗೆ ಎಂತ ದಾಡಿ?"

ರಾಜಮತಿ ಹೊಳೆಯ ಕಡೆ ತಿರುಗಿದಳು. ಅವಳ ಧ್ವನಿ ಬಹಳ ಸಣ್ಣದಾಯಿತು.

"ಮೂವತ್ತು ವರ್ಷದಲ್ಲಿ ನೀವು ಸಂಜೆ ಹೊತ್ತು ನನ್ನ ಹತ್ತಿರ ಕೂತು ಮಾತಾಡಿದ್ದು ಈ ಎಂಟು ತಿಂಗಳು ಮಾತ್ರ. ನಾಳೆ ಹೇಳುವ, ನಾಳೆ ಹೇಳುವ ಎಂದು ದಿನಾ ಅಂದುಕೊಂಡೆ. ನೀವು ಅಡಿಕೋಲು ಹಿಡಿದು, ಬಾ ಹೊರಡುವ ಎನ್ನುತ್ತಿದ್ದಿರಿ. ನಿಲ್ಲಿಸಲಿಕ್ಕೆ ನನಗೆ ಬಾಯಿ ಬರಲಿಲ್ಲ."

ಇದಕ್ಕೆ ಎಂತ ಹೇಳುವುದು? ಉತ್ತರ ತೋಚದಾಗ ವೃಷಭರಾಜರು ಮಾಡುತ್ತಿದ್ದದ್ದು ಒಂದೇ, ಸಿಟ್ಟು. ಬೆನ್ನು ತಿರುಗಿಸಿ ಒಬ್ಬರೇ ದಡದಡ ಸಂಕ ದಾಟಿದರು. ಆಚೆ ತುದಿಯಲ್ಲಿ ಅಬ್ದುಲ್ಲ ಬ್ಯಾರಿ ಮಡಿಸಿದ ಹೊಸ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. "ಅಮ್ಮ ಬರಲಿಲ್ಲವಾ ಧಣಿ? ನಮ್ಮವಳು ರುಕಿಯಾ ಬೊಂಡ ಕೀಳಿಸಿ ಇಟ್ಟಿದ್ದಾಳೆ," ಎಂದರು.

ವೃಷಭರಾಜರು ತಿರುಗಿ ನೋಡಿದರು. ಅಷ್ಟು ದೂರದಲ್ಲಿ ಅವಳು ಹಸಿರು ಸೀರೆಯಲ್ಲಿ ಸಂಕದ ಮೊದಲ ಕಂಬದ ಪಕ್ಕ ನಿಂತೇ ಇದ್ದಳು. ಹನ್ನೆರಡು ವರ್ಷದಿಂದ ಅವಳು ಅಲ್ಲಿಯೇ ನಿಂತಿದ್ದಾಳೆ ಎಂದು ಅವರಿಗೆ ಅನಿಸಿತು.

"ಅವಳಿಗೆ ಬರಲಿಕ್ಕೆ ಆಗುವುದಿಲ್ಲ ಬ್ಯಾರಿಗಳೇ," ಎಂದಷ್ಟೇ ಹೇಳಿದರು.

ಬ್ಯಾರಿಗಳು ಯಾಕೆ ಎಂದು ಕೇಳಲಿಲ್ಲ. ಎರಡು ಬೊಂಡ ಹಿಡಿದುಕೊಂಡು ತಾವೇ ಸಂಕ ದಾಟಿ ಬಂದರು, ರಾಜಮತಿಯ ಮುಂದೆ ಚಾಪೆ ಹಾಸಿದರು, ತಾವು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಸಮುದ್ರದ ಸುದ್ದಿ ಹೇಳಿದರು. ಅಲ್ಲಿಯ ನೀರು ನಮ್ಮ ನೀರಿನ ಹಾಗಲ್ಲಮ್ಮ, ನೀಲದಲ್ಲಿ ಅದ್ದಿದ ಬಟ್ಟೆಯೇ. ಮನೆಗಳಿಗೆಲ್ಲ ಸುಣ್ಣ, ಕಣ್ಣು ಬಿಡಲಿಕ್ಕೆ ಆಗುವುದಿಲ್ಲ. ರಾಜಮತಿ ಬೊಂಡ ಕುಡಿಯುವುದನ್ನು ಮರೆತು ಕೇಳಿದಳು. ವೃಷಭರಾಜರು ಬೇರೆ ಕಡೆ ಮುಖ ಮಾಡಿ ನಿಂತಿದ್ದರು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ವೃಷಭರಾಜರು ಶಾಂತಿಪ್ರಸಾದ ಇಂದ್ರರ ಮನೆಗೆ ಹೋದರು. ಎಪ್ಪತ್ತು ದಾಟಿದ ಪುರೋಹಿತರು, ಶಾಸ್ತ್ರದಲ್ಲಿ ಗಟ್ಟಿ, ನಾಲಿಗೆಯಲ್ಲೂ ಗಟ್ಟಿ.

"ಇಂದ್ರರೇ, ಒಂದು ದಾರಿ ಹುಡುಕಿದ್ದೇನೆ. ಮೂಡಣಕ್ಕೆ ಮುಂಡಾಜೆ ಬೇಡ, ಬೆಳ್ತಂಗಡಿಗೇ ನಿಲ್ಲಿಸುವ. ಬಡಗಣಕ್ಕೂ ಅರ್ಧ ಕಡಿಮೆ ಮಾಡುವ. ಮಗಳು ಬೇಕಾದರೆ ಇಲ್ಲಿಗೇ ಬರಲಿ. ಆ ಉಳಿದದ್ದನ್ನೆಲ್ಲ ಪಡುವಣಕ್ಕೆ ಸೇರಿಸಿಬಿಡುವ."

ಇಂದ್ರರು ಗಹಗಹಿಸಿ ನಕ್ಕರು. "ಇದಕ್ಕೆ ಕ್ಷೇತ್ರವೃದ್ಧಿ ಎಂದು ಹೆಸರು. ಒಂದು ದಿಕ್ಕಿನಲ್ಲಿ ಕತ್ತರಿಸಿ ಇನ್ನೊಂದಕ್ಕೆ ಹೊಲಿಯುವುದು. ಈ ವ್ರತಕ್ಕೆ ದೋಷ ಎಂದು ಶಾಸ್ತ್ರ ಬರೆದವರು ಆಗಲೇ ಹೇಳಿಟ್ಟಿದ್ದಾರೆ. ನಿಮ್ಮಂಥ ಬಸ್ಸಿನವರು ಆ ಕಾಲದಲ್ಲೂ ಇದ್ದರು ಎಂದು ಕಾಣ್ತದೆ." ಆಮೇಲೆ ನಗು ನಿಲ್ಲಿಸಿ, "ನಿಮ್ಮ ಮನೆಯವರೂ ಇದನ್ನೇ ಕೇಳಿದರು," ಎಂದರು.

ವೃಷಭರಾಜರು ಕೂತಲ್ಲಿಂದ ಎದ್ದೇಬಿಟ್ಟರು. "ಯಾರು? ರಾಜಮತಿಯಾ?"

"ಮೂರು ಸಲ ಬಂದಿದ್ದರು. ಮೊದಲನೇ ಸಲ ನಿಮ್ಮದೇ ಲೆಕ್ಕ. ಎರಡನೇ ಸಲ, ಪ್ರಾಯಶ್ಚಿತ್ತ ಉಂಟಾ ಎಂದು ಕೇಳಿದರು. ಉಂಟು, ಉಪವಾಸ ಮಾಡಿ ದಾನ ಕೊಟ್ಟು ಹೋಗಬಹುದು, ದೋಷ ದೋಷವೇ, ಆದರೆ ತೊಳೆಯಲಿಕ್ಕೆ ಆಗದ್ದಲ್ಲ ಎಂದೆ. ಅವರ ಮುಖ ನೀವು ನೋಡಬೇಕಿತ್ತು. ಕುಣಿಯುತ್ತಾ ಹೋದರು ಎಂದರೂ ತಪ್ಪಿಲ್ಲ."

"ಮತ್ತೆ?"

ಇಂದ್ರರು ತಲೆ ತಗ್ಗಿಸಿದರು. "ಮೂರನೇ ಸಲ ಬಂದು, ನಾನು ಗಡಿ ದಾಟಿದರೆ ಅವರಿಗೆ ಏನಾದರೂ ಆಗ್ತದಾ ಎಂದು ಕೇಳಿದರು. ಆ ದಿನ ನನಗೆ ತಲೆ ಸರಿ ಇರಲಿಲ್ಲ. ವ್ರತ ಎಂದರೆ ಹರಕೆಯಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಅಲ್ಲ ಎಂದು ಆಗಲೇ ಹೇಳಿದ್ದೆ, ಕೇಳಿರಲಿಲ್ಲ. ಆ ಸಿಟ್ಟಿನಲ್ಲಿ, ಯಾರ ಜೀವಕ್ಕೆಂದು ತೆಗೆದುಕೊಂಡಿರೋ ಅವರ ಜೀವವನ್ನೇ ಕೇಳಿ ಎಂದುಬಿಟ್ಟೆ. ಕೂಡಲೇ ಎದ್ದು ಹೋದರು."

"ಎಂತ ಮಾತು ಆಡಿದಿರಿ ಇಂದ್ರರೇ!"

"ತಪ್ಪು ನನ್ನದೇ. ಒಬ್ಬರ ವ್ರತ ಇನ್ನೊಬ್ಬರ ಆಯುಸ್ಸನ್ನು ಕಟ್ಟಿಹಾಕುವುದಿಲ್ಲ. ಯಾವ ಶಾಸ್ತ್ರದಲ್ಲೂ ಹಾಗೆ ಇಲ್ಲ. ಹೋಗಿ ಹೇಳಿ ಅವರಿಗೆ. ಬೇಕಾದರೆ ನಾನೇ ಬಂದು ಹೇಳ್ತೇನೆ."

ವೃಷಭರಾಜರು ಮನೆಗೆ ಓಡಿದರು ಎಂದೇ ಹೇಳಬೇಕು. ಪೇಟೆಯ ಜನ ನಿಂತು ನೋಡಿದರು, ಯಜಮಾನರ ಬಸ್ಸು ಎಲ್ಲಾದರೂ ಪಲ್ಟಿ ಆಯಿತಾ ಎಂದು. ಒಳಗಿನ ಕೋಣೆಯಲ್ಲಿ ರಾಜಮತಿ ಟ್ರಂಕಿನ ಮುಂದೆ ಕೂತಿದ್ದಳು. ಟ್ರಂಕು ತುಂಬ ಪ್ರಯಾಣದ ಸಾಮಾನು. ಅಂಚು ಹೊಲಿದ ಹನ್ನೆರಡು ಸೋಸುವ ಬಟ್ಟೆ, ಹೊಸ ಎರಡು ಸೀರೆ, ಅವರ ಉಣ್ಣೆಯ ಶಾಲು, ಕಾಗದದಲ್ಲಿ ಸುತ್ತಿದ ಒಂದು ಹಿತ್ತಾಳೆಯ ದೀಪ, ಬತ್ತಿಯ ಸಣ್ಣ ಡಬ್ಬಿ. ಡೆಲೋಸಿಗೆ. ಇಂದ್ರರು ಪ್ರಾಯಶ್ಚಿತ್ತ ಉಂಟು ಎಂದ ದಿನವೇ ತುಂಬಿಸಿರಬೇಕು. ಈಗ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು.

ಹೋಗಲಿಕ್ಕೆ ಇವಳಿಗೂ ಇಷ್ಟು ಆಸೆ ಇತ್ತಾ! "ತೆಗೆಯಬೇಡ, ತೆಗೆಯಬೇಡ," ಎಂದು ನೆಲಕ್ಕೇ ಕೂತರು. ಇಂದ್ರರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. "ಶಾಸ್ತ್ರದಲ್ಲಿ ಇಲ್ಲವಂತೆ ರಾಜಮತೀ! ಸಿಟ್ಟಿಗೆ ಹೇಳಿದ್ದಂತೆ! ನನಗೆ ಎಂತದೂ ಆಗುವುದಿಲ್ಲ. ಉಪವಾಸ ಮಾಡುವ, ನಾನೂ ಮಾಡ್ತೇನೆ. ಸಹಿ ಹಾಕು."

ರಾಜಮತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಎಂದು ನನಗೂ ಗೊತ್ತುಂಟು. ಇಂದ್ರರು ಆಡುವ ಮೊದಲೇ ನನ್ನ ಹೊಟ್ಟೆಯಲ್ಲಿ ಆ ಮಾತು ಇತ್ತು, ಅದಕ್ಕೇ ಕೇಳಿದ್ದು. ನೀವು ಆ ಇಪ್ಪತ್ತೊಂದು ದಿನ ಮಲಗಿದ್ದನ್ನು ನೋಡಿದ್ದು ನಾನು, ನೀವಲ್ಲ. ಆ ಹಡಗಿನಲ್ಲಿ ನಿಮಗೆ ಬರೀ ಒಂದು ಕೆಮ್ಮು ಬಂದರೂ ನನ್ನ ಜೀವ ಅಲ್ಲಿಯೇ ಹೋಗ್ತದೆ. ಹದಿನಾಲ್ಕು ದಿನ ನಾನು ಸಮುದ್ರ ನೋಡುವುದಿಲ್ಲ, ನಿಮ್ಮ ಮುಖ ನೋಡ್ತಾ ಕೂತಿರ್ತೇನೆ. ಅಂಥ ತಿರುಗಾಟ ಯಾರಿಗೆ ಬೇಕು?"

ಬೈದರೆ ಬದಲಾಗುವ ಮಾತಲ್ಲ ಅದು. ಬಸ್ಸಿನವರೂ ಕಪ್ತಾನನೂ ಮುಂಬಯಿಯ ತಮ್ಮನೂ ಸೇರಿ ಎಳೆದರೂ ಅಲ್ಲಾಡದ ಮಾತು. ವೃಷಭರಾಜರಿಗೆ ಅದು ಗೊತ್ತಾಯಿತು.

"ನೀವು ಹೋಗಿ ಬನ್ನಿ," ಎಂದಳು ಅವಳು. "ನಿಮಗೆ ವ್ರತ ಇಲ್ಲವಲ್ಲ. ಬಂದು ನನಗೆ ಹೇಳಿ."

"ನಾನು ಒಬ್ಬನೇ ಎಂತ ಸಾಯಲಿಕ್ಕಾ ಅಲ್ಲಿಗೆ?" ಎಂದು ರೇಗಿದರು ವೃಷಭರಾಜರು. ಆಡಿದ ಮೇಲೆ ಇಬ್ಬರೂ ಬೆಚ್ಚಿದರು. ಅವಳ ಕೈ ಬಾಯಿಗೆ ಹೋಗಿತ್ತು. ಅವರು ಬೇಗ ಬೇಗ, "ಇಲ್ಲ, ಇಲ್ಲ, ಹಾಗಲ್ಲ," ಎಂದು ಅವಳ ಬೆನ್ನು ತಟ್ಟಿದರು. ಮದುವೆಯಾದ ಮೇಲೆ ಅವರು ಹೆಂಡತಿಯ ಬೆನ್ನು ತಟ್ಟಿದ್ದು ಅದೇ ಮೊದಲು.

ಮಧ್ಯಾಹ್ನ ಕಪ್ತಾನನಿಗೆ ಕಾಗದ ಬರೆದರು. ಬರುವುದಿಲ್ಲ, ಕ್ಷಮಿಸಬೇಕು, ಹಡಗನ್ನು ಬೇರೆಯವರಿಗೆ ಕೊಡಿ. ಕಾರಣ ಬರೆಯಲು ನಾಲ್ಕು ಸಲ ಹೊರಟು ನಾಲ್ಕು ಸಲ ಹೊಡೆದು ಹಾಕಿದರು. ಕೊನೆಗೆ, ನನ್ನ ಹೆಂಡತಿ ನನ್ನ ಜೀವಕ್ಕೆ ಬಹಳ ಹಿಂದೆಯೇ ಬೇರೆ ಕಡೆ ಬಾಡಿಗೆ ಕಟ್ಟಿಬಿಟ್ಟಿದ್ದಾಳೆ ಎಂದು ಬರೆದು ಅಂಚೆಗೆ ಹಾಕಿದರು. ಅವನಿಗೆ ಅರ್ಥವಾಯಿತೋ ಇಲ್ಲವೋ.

ಸಂಜೆ ಊಟ ಮುಗಿಯಿತು. ಜಗಲಿಗೆ ಬಂದು ನಕ್ಷೆಯ ಮೊಳೆಗೆ ಕೈ ಹಾಕಿದರು. ಒಂದು ಮೊಳೆ ಕಿತ್ತಾಗಿತ್ತು.

"ಅದನ್ನು ಯಾಕೆ ತೆಗೆಯುತ್ತೀರಿ?" ರಾಜಮತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. "ಇನ್ನೂ ಐದು ದಿನ ಬಾಕಿ ಉಂಟಲ್ಲ."

ವೃಷಭರಾಜರು ಗೋಡೆಗೆ ಮುಖ ಮಾಡಿಯೇ ನಿಂತರು. ಹೆಂಡತಿಯ ಮುಂದೆ ಕಣ್ಣು ಒರೆಸಿಕೊಂಡು ಅಭ್ಯಾಸ ಇಲ್ಲ. ಆಮೇಲೆ ಮೊಳೆಯನ್ನು ಮತ್ತೆ ಅದೇ ತೂತಿಗೆ ಒತ್ತಿದರು, ಅಡಿಕೋಲು ತೆಗೆದರು.

"ಬಾ, ಹೊರಡುವ. ಹತ್ತನೇ ದಿನ, ಡೆಲೋಸ್. ತಲುಪುವುದು ಬೆಳಿಗ್ಗೆ ಏಳು ಹತ್ತು."

"ಏಳು ಹತ್ತು ಹೇಗಾಗ್ತದೆ? ಸ್ನಾನ, ಜಪ ಮುಗಿಯಬೇಡವಾ? ಎಂಟೂವರೆ ಮಾಡಿ."

ಎಂಟೂವರೆ ಎಂದು ಬರೆದರು. "ಹೊರಡುವುದು?"

ರಾಜಮತಿ ಕಂಬಕ್ಕೆ ಒರಗಿ ಕೂತಳು. ಟ್ರಂಕಿನಿಂದ ತೆಗೆದ ಹಿತ್ತಾಳೆಯ ದೀಪ ಅವಳ ಮಡಿಲಲ್ಲಿತ್ತು.

"ಅಲ್ಲಿಂದ ಹೊರಡುವ ಟೈಮು ಬರೆಯಬೇಡಿ," ಎಂದಳು.

ಇಪ್ಪತ್ತೈದು ವರ್ಷ ಬಸ್ಸು ಓಡಿಸಿದ ವೃಷಭರಾಜರು ಹೊರಡುವ ಹೊತ್ತಿನ ಆ ಮನೆಯನ್ನು ಖಾಲಿ ಬಿಟ್ಟರು.